ಬಂಡೆಯೇರುವ ಬಂಡಿ

ದೂರದಲ್ಲಿ ನಿಂತು ರೇಡಿಯೋ ಅಲೆಗಳ ಮೂಲಕ ನಡೆಸತಕ್ಕ ಚಿಕ್ಕ ಮೋಟಾರು ಬಂಡಿಗಳಲ್ಲಿ ‘ರಾಕ್ ಕ್ರಾಲರ್’ ಎಂಬುದೊಂದು ಜಾತಿಯುಂಟು. ಬಂಡೆಗಳ ಮೇಲೆ ತೆವಳುವುದು ಎಂದು ಆ ಹೆಸರಿಗೆ ಅರ್ಥ. ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಜಿನಿಯರಿಂಗ್ ಕಾಲೇಜಿಗೋ ಪಾಲಿಟೆಕ್ನಿಕ್ಕಿಗೋ ಹೋಗುವ ಮಕ್ಕಳಿರುವರು. ಅವರಲ್ಲಿ ಕೆಲವರಾದರೂ ಇಂಥ ಬಂಡಿಯನ್ನು ಸಿದ್ಧವಾಗಿ ಕೊಳ್ಳಲೊಲ್ಲದೆ, ಚೌಕಟ್ಟನ್ನು ಒಂದೆಡೆಯಿಂದಲೂ ಅಚ್ಚುಗಳನ್ನು ಇನ್ನೊಂದೆಡೆಯಿಂದಲೂ ಗೇರುಪೆಟ್ಟಿಗೆಯನ್ನು ಮತ್ತೊಂದೆಡೆಯಿಂದಲೂ ತರಿಸಿ, ತಾವೇ ಕಟ್ಟುವ ಹಟವನ್ನು ತೊಟ್ಟಿರುವರು. ಹಿರಿಯರಿಗೆ ಇದು ಹಣದ ಪೋಲಾಗಿ ತೋರುವುದು ಸಹಜ. ನಮಗೆ ಹಾಗೆ ತೋರುವುದಿಲ್ಲ. ಹತ್ತು ಬೆರಳುಗಳಿಂದ ಕೆಲಸ ಮಾಡಿ, ಕೆಟ್ಟುದನ್ನು ತಾನೇ ಬಿಚ್ಚಿ ನೋಡುವ ಅಭ್ಯಾಸವು ಯಾವ ವಿದ್ಯಾರ್ಥಿಗೂ ಕೇಡಲ್ಲ. ಆದರೆ ಹಣವು ನಿಜವಾಗಿ ಪೋಲಾಗುವ ಸ್ಥಳವೊಂದುಂಟು. ಮೋಟಾರು, ಅದರ ವೇಗನಿಯಂತ್ರಕ, ಚುಕ್ಕಾಣಿಯ ಸರ್ವೋ, ರೇಡಿಯೋ, ಬ್ಯಾಟರಿ ಎಂಬ ಐದು ವಿದ್ಯುದಂಗಗಳನ್ನು ಹಿಂದುಮುಂದು ನೋಡದೆ ಆರಿಸಿ, ಆಮೇಲೆ ಒಂದೊಂದನ್ನೇ ಬದಲಿಸುತ್ತ ಹೋಗುವಲ್ಲಿ ಅದು ಪೋಲಾಗುವುದು. ಈ ತಿಂಗಳು ಆ ಆಯ್ಕೆಯ ವಿಷಯವನ್ನೇ ನಾವು ಎತ್ತಿಕೊಂಡಿರುವೆವು.

ಮೊದಲು ಬಂಡಿಯ ಸ್ವರೂಪವನ್ನು ತಿಳಿಯೋಣ. ಹೆಚ್ಚು ಪ್ರಚಾರದಲ್ಲಿರುವುದು ನಿಜವಾದ ಜೀಪಿನ ಹತ್ತನೆಯ ಒಂದು ಅಳತೆಯದು. ಎರಡು ಅಚ್ಚುಗಳ ನಡುವಣ ದೂರವು ಬಹುಮಟ್ಟಿಗೆ ೩೧೩ ಮಿಲಿಮೀಟರು. ತೂಕ ಎರಡರಿಂದ ಮೂರು ಕಿಲೋಗ್ರಾಮು. ನಾಲ್ಕು ಗಾಲಿಗಳಿಗೂ ಮೋಟಾರಿನ ಬಲವು ಮುಟ್ಟುವುದು. ರಸ್ತೆಯ ವಾಹನಗಳಲ್ಲಿ ತಿರುವಿನಲ್ಲಿ ಒಳಗಾಲಿ ಹೊರಗಾಲಿಗಳು ಬೇರೆ ಬೇರೆ ವೇಗದಿಂದ ತಿರುಗಲೆಂದು ಇಟ್ಟಿರುವ ಡಿಫರೆನ್ಷಿಯಲ್ ಎಂಬ ಏರ್ಪಾಡನ್ನು ಇಲ್ಲಿ ಬಿಗಿದು ಬಿಟ್ಟಿರುವುದರಿಂದ, ಒಂದು ಗಾಲಿ ಗಾಳಿಯಲ್ಲಿ ತೂಗಿದರೂ ಅದರ ಜೊತೆಗಾಲಿಯು ಬಂಡೆಯನ್ನು ಕಚ್ಚಿ ಎಳೆಯಬಲ್ಲದು. ಮೋಟಾರು ಮೂವತ್ತು ನಲವತ್ತು ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುವುದು. ಒಟ್ಟಿನಲ್ಲಿ ಬಂಡಿಯ ವೇಗವು ಮನುಷ್ಯನ ನಡಿಗೆಗಿಂತ ಹೆಚ್ಚಲ್ಲ. ಜಪಾನಿನ ತಮಿಯಾ ಕಂಪನಿಯು ೧೯೮೭ರಲ್ಲಿ ಹೊರತಂದ ‘ಕ್ಲಾಡ್ ಬಸ್ಟರ್’ ಎಂಬ ದೊಡ್ಡ ಗಾಲಿಯ ಆಟದ ಲಾರಿಯನ್ನು ಅಮೆರಿಕದ ಹವ್ಯಾಸಿಗಳು ಕೊಯ್ದು ಜೋಡಿಸಿ ಬಂಡೆಗಳ ಮೇಲೆ ಹತ್ತಿಸಿದುದು ಈ ಆಟದ ಬೆಳವಣಿಗೆಯ ಒಂದು ಮುಖ್ಯವಾದ ಮೆಟ್ಟಿಲು. ಈಗ ಸಿದ್ಧ ಬಂಡಿಗಳೂ ಧಾರಾಳವಾಗಿ ದೊರೆಯುವುವು. ಅಮೆರಿಕದ ಟ್ರಾಕ್ಸಸ್ ಕಂಪನಿಯ ‘ಟಿ.ಆರ್.ಎಕ್ಸ್.-೪’ ಎಂಬುದು ೨೦೧೭ರಲ್ಲಿ ಬಂದುದು. ಅಂಥವುಗಳಲ್ಲಿ ಅಂಗಾಂಗಗಳ ಹೊಂದಾಣಿಕೆಯ ಚಿಂತೆಯನ್ನು ತಯಾರಕನೇ ವಹಿಸಿರುವನು. ತಾನೇ ಕಟ್ಟಿದ ಬಂಡಿಗೆ ಅಂಥ ಹೊಣೆಗಾರನಿಲ್ಲ.

ತರ್ಕಶಾಸ್ತ್ರದಲ್ಲಿ ವಾಕ್ಯವು ಅರ್ಥ ಕೊಡಬೇಕಾದರೆ ಪದಗಳಿಗೆ ‘ಯೋಗ್ಯತೆ’ಯಿರಬೇಕೆಂದು ಹೇಳಿದೆ. ‘ಬೆಂಕಿಯಿಂದ ನೆನೆಸಿದನು’ ಎಂದರೆ ವ್ಯಾಕರಣದ ದೋಷವೇನೂ ಇಲ್ಲ. ಬೆಂಕಿಗೆ ನೆನೆಸುವ ಯೋಗ್ಯತೆಯಿಲ್ಲ, ಅಷ್ಟೆ. ಒಂದೊಂದೂ ತನ್ನಷ್ಟಕ್ಕೆ ಉತ್ತಮವಾದ ಸಾಮಾನುಗಳು ಒಟ್ಟಿಗೆ ಸೇರಿದಾಗ ಇಂಥ ವಾಕ್ಯವಾಗುವುದನ್ನು ನಾವು ಕಂಡಿರುವೆವು. ಹಾಗಾಗದಂತೆ ನೋಡಿಕೊಳ್ಳಲು ಒಂದು ಸೂತ್ರವನ್ನು ಹಿಡಿದರೆ ಸಾಕೆಂಬುದು ನಮ್ಮ ಅಭಿಪ್ರಾಯ. ಓಟದ ಬಂಡಿಗೆ ಅಂಗಗಳನ್ನು ಆರಿಸುವಾಗ ಅದು ಅತ್ಯಂತ ವೇಗವಾಗಿ ಓಡುವ ಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಳ್ಳುವರಷ್ಟೆ. ಬಂಡೆಯೇರುವ ಬಂಡಿಗೆ ಆರಿಸುವಾಗ ಅದು ನಿಂತುಬಿಟ್ಟ ಕ್ಷಣವನ್ನು ಇಟ್ಟುಕೊಳ್ಳಬೇಕು: ಮುಂಗಾಲಿ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿದೆ, ಮೂತಿ ಆಕಾಶ ನೋಡುತ್ತಿದೆ, ಹಿಂದೆ ಇಳಿಜಾರು, ಮೋಟಾರು ತಿರುಗಲಾರದೆ ಗುಂಯ್ಗುಡುತ್ತಿದೆ. ಐದು ಅಂಗಗಳ ಪರೀಕ್ಷೆಯೂ ಆಗುವುದು ಆಗಲೇ.

ಏಕೆಂಬುದನ್ನು ಮೋಟಾರಿನಿಂದಲೇ ತಿಳಿಯಬಹುದು. ತಿರುಗುತ್ತಿರುವ ಮೋಟಾರು ತಾನೂ ಒಂದು ಜನರೇಟರಿನಂತೆ ನಡೆದುಕೊಂಡು, ಬ್ಯಾಟರಿಗೆ ಎದುರಾಗಿ ತನ್ನದೊಂದು ವೋಲ್ಟೇಜನ್ನು ಒಡ್ಡುವುದು. ಅದರಿಂದ ಓಡುವಾಗ ಒಳಕ್ಕೆ ಹರಿಯುವ ಕರೆಂಟು ಮಿತವಾಗಿರುವುದು. ನಿಂತುಬಿಟ್ಟರೆ ಈ ಎದುರು ವೋಲ್ಟೇಜು ಸೊನ್ನೆ. ತಂತಿಯ ಸುರುಳಿಯ ಅಲ್ಪವಾದ ರೋಧದ ಹೊರತು ತಡೆಯುವುದೇನೂ ಇಲ್ಲದ್ದರಿಂದ ಕರೆಂಟು ನುಗ್ಗುವುದು. ಕೆಲಸ ನಡೆಯದೆ ಎಲ್ಲವೂ ಬಿಸಿಯಾಗಿ ಹೋಗುವುದು. ಹೀಗಿರಲು, ನುಗ್ಗುವ ಕರೆಂಟು ಮೊದಲೇ ಕಡಮೆಯಾಗಿರುವಂಥ ಮೋಟಾರನ್ನು ತರುವುದು ಯುಕ್ತ. ಈ ಬಂಡಿಗಳಿಗೆ ರೂಢಿಯಲ್ಲಿರುವುದು ‘೫೪೦’ ಎಂಬ ಅಳತೆಯ ಡಬ್ಬಿಯಾಕಾರದ ಮೋಟಾರು. ಸುಮಾರು ೩೬ ಮಿಲಿಮೀಟರು ದಪ್ಪ, ೫೦ ಮಿಲಿಮೀಟರು ಉದ್ದ. ಅದರ ಮೇಲೆ ‘೩೫ ಟಿ’, ‘೫೫ ಟಿ’ ಎಂದು ಬರೆದಿರುವುದನ್ನು ಕಾಣಬಹುದು. ‘ಟಿ’ ಎಂದರೆ ತಂತಿಯ ಸುತ್ತು. ಆಟದ ಕಾರುಗಳೊಡನೆ ಬರುವ ಸಾಮಾನ್ಯ ಮೋಟಾರಿನಲ್ಲಿ ಸುಮಾರು ೨೭ ಸುತ್ತುಗಳಿರುವುವು. ಸುತ್ತುಗಳು ಕಡಮೆಯಾದಷ್ಟೂ ತಂತಿಯು ದಪ್ಪ, ವೇಗವು ಹೆಚ್ಚು, ಕರೆಂಟಿನ ಹಸಿವೂ ಹೆಚ್ಚು. ಬಂಡೆಯೇರಲು ೩೫ರಿಂದ ೫೫ ಸುತ್ತಿನವರೆಗಿನದು ತಕ್ಕುದು. ಎರಡು ಕೋಶದ ಬ್ಯಾಟರಿಯಾದರೆ ೩೫, ಮೂರು ಕೋಶದ್ದಾದರೆ ೪೫ ಅಥವಾ ೫೫ ಎಂದು ಹಿಡಿಯಬಹುದು. ಒಳಗಿನ ತಿರುಗುವ ಭಾಗದಲ್ಲಿ ಸಾಮಾನ್ಯವಾಗಿ ಮೂರು ಸೀಳುಗಳಿರುವುವು. ಐದು ಸೀಳಿನದು ಸಿಕ್ಕರೆ ತುಸು ಹೆಚ್ಚು ಬೆಲೆಯಾದರೂ ಅದನ್ನೇ ಆರಿಸುವುದು ಮೇಲು. ತೀರ ನಿಧಾನವಾಗಿ ತಿರುಗುವಾಗ ಅದು ತಡವರಿಸುವುದು ಕಡಮೆ.

ಬ್ರಷ್ಷುಗಳಿಲ್ಲದ ಮೋಟಾರು ಆಧುನಿಕವಲ್ಲವೇ, ಅದನ್ನೇ ಏಕೆ ತರಬಾರದು ಎಂದು ಹುಡುಗರು ಕೇಳುವರು. ತರಬಹುದು. ಆದರೆ ಅದರಲ್ಲಿ ಎರಡು ಬಗೆಯುಂಟೆಂಬುದನ್ನು ಅರಿತು ತರಬೇಕು. ಅಗ್ಗದ ಬಗೆಯಲ್ಲಿ, ಒಳಗಿನ ಅಯಸ್ಕಾಂತವು ಯಾವ ಸ್ಥಾನದಲ್ಲಿದೆಯೆಂಬುದನ್ನು ನಿಯಂತ್ರಕವು ಮೇಲೆ ಹೇಳಿದ ಆ ಎದುರು ವೋಲ್ಟೇಜಿನಿಂದಲೇ ಊಹಿಸಿಕೊಳ್ಳುವುದು. ನಿಂತ ಮೋಟಾರಿನಲ್ಲಿ ಆ ವೋಲ್ಟೇಜೇ ಇಲ್ಲ; ಆದುದರಿಂದ ಹೊರಡುವಾಗ ಅದು ಕುರುಡನಂತೆ ತಡಕಾಡಿ ಜರ್ಕು ಹೊಡೆಯುವುದು. ಬಂಡೆಯ ಅಂಚಿನಲ್ಲಿ ಒಂದು ಜರ್ಕಿನಿಂದ ಬಂಡಿಯು ಉರುಳಿ ಬೀಳುವುದು. ಸ್ಥಾನವನ್ನು ತಿಳಿಸುವ ಸಂವೇದಕಗಳುಳ್ಳ ಎರಡನೆಯ ಬಗೆಯಲ್ಲಿ ಈ ದೋಷವಿಲ್ಲ. ಅವುಗಳಲ್ಲಿ ಕೆಲವು ಇಳಿಜಾರಿನಲ್ಲಿ ನಿಂತಲ್ಲಿಯೇ ಬಂಡಿಯನ್ನು ಹಿಡಿದಿಡುವಷ್ಟು ಜಾಣವಾಗಿವೆ. ಆದರೆ ಬೆಲೆಯು ಬಹಳ ಮೇಲಕ್ಕೇರುವುದು. ಮೊದಲನೆಯ ಬಂಡಿಗೆ ಬ್ರಷ್ಷಿನ ಮೋಟಾರೇ ಸಾಕೆಂದು ನಮ್ಮ ಮತ. ಅದು ಸವೆದರೂ ಹೊಸದೊಂದನ್ನು ಹಾಕಲು ಮನೆಯ ಲೆಕ್ಕವು ತಲೆಕೆಳಗಾಗುವುದಿಲ್ಲ.

ಇನ್ನು ಅಂಗಡಿಗಳಲ್ಲಿ ಇ.ಎಸ್.ಸಿ. ಎಂದು ಕೇಳಿದರೆ ಕೊಡುವ ವೇಗನಿಯಂತ್ರಕ. ಬ್ಯಾಟರಿಗೂ ಮೋಟಾರಿಗೂ ನಡುವೆ ಕುಳಿತು, ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಕುದುರೆಯನ್ನು ಎಷ್ಟು ಎಳೆದಿರುವಿರೋ ಅಷ್ಟು ಮಾತ್ರವೇ ಬಲವನ್ನು ಬಿಡುವುದು ಇದರ ಕೆಲಸ. ಕೊಳ್ಳುವಾಗ ಎಲ್ಲರೂ ಎಷ್ಟು ಆಂಪಿಯರು ಎಂದು ಕೇಳುವರು. ನಾವಾದರೋ ಮೊದಲು ‘ಡ್ರ್ಯಾಗ್ ಬ್ರೇಕ್’ ಎಷ್ಟು ಎಂದು ಕೇಳಿರೆಂದು ಹೇಳುವೆವು. ಕುದುರೆಯನ್ನು ಬಿಟ್ಟೊಡನೆ ನಿಯಂತ್ರಕವು ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿಬಿಡುವುದು. ಆಗ ಹಿಂದಕ್ಕೆ ಜಾರಲೆಳಸುವ ಬಂಡಿಯು ಮೋಟಾರನ್ನು ಜನರೇಟರಿನಂತೆ ತಿರುಗಿಸಬೇಕಾಗಿ ಬಂದು, ತನ್ನ ಜಾರುವಿಕೆಯನ್ನು ತಾನೇ ತಡೆದುಕೊಳ್ಳುವುದು. ಇದನ್ನು ನೂರಕ್ಕೆ ನೂರು ಇಡುವ ಅನುಕೂಲವಿರಬೇಕು. ಓಟದ ಬಂಡಿಯ ನಿಯಂತ್ರಕದಲ್ಲಿ ಇದು ಇಲ್ಲದಿರಬಹುದು, ಇದ್ದರೂ ಅಲ್ಪವಾಗಿರಬಹುದು. ಅದನ್ನು ಇಲ್ಲಿ ಹಾಕಿದರೆ ಇಳಿಜಾರಿನಲ್ಲಿ ಬಂಡಿಯು ಕೈಬಿಟ್ಟ ಗುಂಡುಕಲ್ಲಿನಂತೆ ಉರುಳುವುದು. ಮತ್ತೊಂದು ಭೇದವೂ ಉಂಟು. ಓಟದ್ದರಲ್ಲಿ ಹಿಂದಕ್ಕೆ ಹೋಗಬೇಕಾದರೆ ಮೊದಲು ಬ್ರೇಕು, ಆಮೇಲೆ ಕುದುರೆಯನ್ನು ಬಿಟ್ಟು ಮತ್ತೊಮ್ಮೆ ಒತ್ತಬೇಕು. ಬಂಡೆಯ ಮೇಲೆ ಅಷ್ಟು ವ್ಯವಧಾನವಿರುವುದಿಲ್ಲ. ಮುಂದಿನಿಂದ ನೇರವಾಗಿ ಹಿಂದಕ್ಕೆ ಬರುವಂತಿರಬೇಕು. ಹಾಬಿವಿಂಗ್ ಎಂಬ ಚೀನಾದ ತಯಾರಕರ ‘ಕ್ವಿಕ್‌ರನ್ ೧೦೮೦’ ಎಂಬುದು ಈ ಕೆಲಸಕ್ಕೆಂದೇ ಮಾಡಿದ್ದು. ೮೦ ಆಂಪಿಯರು ತಡೆಯುವುದು, ಎರಡು ಅಥವಾ ಮೂರು ಕೋಶದ ಬ್ಯಾಟರಿಯನ್ನು ಒಪ್ಪುವುದು, ನೀರಿಗೆ ಅಂಜುವುದಿಲ್ಲ, ಬ್ರೇಕಿನ ಬಲವನ್ನು ಬೇಕಾದಂತೆ ಗೊತ್ತುಮಾಡಬಹುದು. ಇದನ್ನು ಮಾದರಿಯಾಗಿ ಹೇಳಿದೆವೇ ಹೊರತು ಇದೇ ಆಗಬೇಕೆಂದಿಲ್ಲ. ಈ ಗುಣಗಳುಳ್ಳ ಬೇರೊಂದಾದರೂ ಆದೀತು.

ಮುಂಗಾಲಿಗಳನ್ನು ಎಡಬಲಕ್ಕೆ ಹೊರಳಿಸುವ ಸರ್ವೋ ಎಂಬ ಚಿಕ್ಕ ಪೆಟ್ಟಿಗೆಯ ವಿಷಯದಲ್ಲಿ ನಮ್ಮ ಜನರು ತೋರುವ ಜಿಪುಣತನವನ್ನು ಕಂಡು ನಾವು ಎಷ್ಟೋ ಸಲ ಬೆರಗಾಗಿರುವೆವು. ಮೋಟಾರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಸಿದ್ಧರಿರುವ ಹುಡುಗರು ಸರ್ವೋವಿಗೆ ಬಂದಾಗ ಪ್ಲಾಸ್ಟಿಕ್ಕಿನ ಹಲ್ಲಿನದನ್ನು ಹಾಕಿ ತೃಪ್ತರಾಗುವರು. ಸಮವಾದ ನೆಲದಲ್ಲಿ ಅದು ಸಾಲುವುದು. ಆದರೆ ಬಂಡಿಯ ಮುಂಭಾರವೆಲ್ಲವೂ ಬಿದ್ದಿರುವ ಗಾಲಿಯನ್ನು ಕಲ್ಲಿನ ಸಂದಿಯಿಂದ ಹೊರಳಿಸಿ ತೆಗೆಯುವ ಬಲವು ಅದಕ್ಕೆಲ್ಲಿಂದ ಬರಬೇಕು? ಗೇರು ಕಡಿದು ಹೋಗುವುದು. ಸರ್ವೋವಿನ ಬಲವನ್ನು ಕಿಲೋಗ್ರಾಮು-ಸೆಂಟಿಮೀಟರಿನಲ್ಲಿ ಹೇಳುವರು. ೨೫ ಎಂದಿದ್ದರೆ, ಅಚ್ಚಿನಿಂದ ಒಂದು ಸೆಂಟಿಮೀಟರು ದೂರದಲ್ಲಿ ೨೫ ಕಿಲೋಗ್ರಾಮಿನಷ್ಟು ಎಳೆಯಬಲ್ಲದು, ಎರಡು ಸೆಂಟಿಮೀಟರು ದೂರದಲ್ಲಿ ಹನ್ನೆರಡೂವರೆಯಷ್ಟು ಎಂದರ್ಥ. ತಕ್ಕಡಿಯ ದಂಡಿಗೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೆಯ ಒಂದು ಅಳತೆಯ ಬಂಡಿಗೆ ೨೦ಕ್ಕೆ ಕಡಮೆಯಿರಕೂಡದು. ೨೫ರಿಂದ ೩೫ರವರೆಗಿದ್ದರೆ ನಿಶ್ಚಿಂತೆ. ಹಲ್ಲುಗಳು ಲೋಹದವಾಗಿರಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ಸಂಖ್ಯೆಯು ಸಾಮಾನ್ಯವಾಗಿ ಅತ್ಯಂತ ಹೆಚ್ಚಿನ ವೋಲ್ಟೇಜಿನಲ್ಲಿ ದೊರೆಯುವ ಬಲವೆಂಬುದನ್ನು ಮರೆಯಬಾರದು. ೭.೪ ವೋಲ್ಟಿನಲ್ಲಿ ೩೫ ಎಳೆಯುವುದು ೫ ವೋಲ್ಟಿನಲ್ಲಿ ಅಷ್ಟನ್ನು ಎಳೆಯದು. ಸಣ್ಣಕ್ಷರದಲ್ಲಿರುವುದನ್ನು ಓದುವ ಅಭ್ಯಾಸವು ಕೋರ್ಟಿನ ಕಾಗದಗಳಲ್ಲಿ ಮಾತ್ರವೇ ಬೇಕಾದುದಲ್ಲ.

ಈ ಸರ್ವೋವಿಗೆ ಕರೆಂಟು ಎಲ್ಲಿಂದ ಬರುವುದು ಎಂಬಲ್ಲಿ ಇಡೀ ಆಯ್ಕೆಯ ಗಂಟು ಇದೆ. ವೇಗನಿಯಂತ್ರಕದ ಹೊಟ್ಟೆಯಲ್ಲಿಯೇ ಬಿ.ಇ.ಸಿ. ಎಂಬ ಚಿಕ್ಕ ವಿಭಾಗವಿದ್ದು, ಅದು ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ರಿಸೀವರಿಗೂ ಸರ್ವೋವಿಗೂ ಉಣಿಸುವುದು. ಹಲವು ನಿಯಂತ್ರಕಗಳಲ್ಲಿ ಇದರ ಶಕ್ತಿ ೩ ಆಂಪಿಯರು. ಬಲವಾದ ಸರ್ವೋವಾದರೋ ಸಿಕ್ಕಿಹಾಕಿಕೊಂಡ ಕ್ಷಣದಲ್ಲಿ ಅದಕ್ಕಿಂತ ಹೆಚ್ಚನ್ನು ಕೇಳಬಹುದು. ಕೇಳಿದಷ್ಟು ಕೊಡಲಾರದೆ ವೋಲ್ಟೇಜು ಕುಸಿಯುವುದು. ಅದೇ ತಂತಿಯಿಂದ ಉಣ್ಣುವ ರಿಸೀವರು ಮೂರ್ಛೆಹೋಗುವುದು.

ನಮ್ಮ ತಮ್ಮನ ಮೊಮ್ಮಗಳೊಬ್ಬಳು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವಳು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಇಂಥ ಬಂಡಿಯೊಂದನ್ನು ಅವಳೇ ಕಟ್ಟಿದಳು. ಬಂಡಿಯು ಚೆನ್ನಾಗಿಯೇ ಹತ್ತುತ್ತಿತ್ತು. ಆದರೆ ಆಗಾಗ ಇದ್ದಕ್ಕಿದ್ದಂತೆ ಸತ್ತಂತೆ ನಿಂತು, ಒಂದೆರಡು ಕ್ಷಣಗಳ ಮೇಲೆ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಅಂಗಡಿಯವನೊಬ್ಬನು ರೇಡಿಯೋ ದುರ್ಬಲವೆಂದನು. ಅವಳು ಎರಡು ತಿಂಗಳು ಕಾದು, ದುಬಾರಿಯ ಇನ್ನೊಂದು ರೇಡಿಯೋವನ್ನು ಕೊಂಡಳು. ರೋಗವು ಹಾಗೆಯೇ ಉಳಿಯಿತು. ಅಷ್ಟು ಹೊತ್ತಿಗೆ ಮನೆಯಲ್ಲಿ ಮಾತುಗಳೂ ಪ್ರಾರಂಭವಾಗಿದ್ದುವು. ಬಂಡಿಯನ್ನು ಮಾರಿಬಿಡುವಂತೆ ಅವಳ ತಂದೆಯು ಗದರಿಸಿದ್ದನು. ಬೇಸಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದಾಗ ಅದನ್ನು ಚೀಲದಲ್ಲಿ ಹಾಕಿಕೊಂಡೇ ಬಂದಳು.

“ದೂರ ಹೋದಾಗ ನಿಲ್ಲುವುದೋ ಮಗೂ, ಹತ್ತಿರವಿರುವಾಗಲೂ ನಿಲ್ಲುವುದೋ?” ಎಂದು ಕೇಳಿದೆವು.

“ಕಾಲಬುಡದಲ್ಲಿದ್ದರೂ ನಿಲ್ಲುತ್ತದೆ ತಾತ. ಚಕ್ರ ಸಿಕ್ಕಿಕೊಂಡು, ನಾನು ಪೂರ್ತಿ ತಿರುಗಿಸಿದಾಗ.”

ಕಾರಣವನ್ನು ಹುಡುಕಲು ಅನ್ವಯವ್ಯತಿರೇಕಕ್ಕಿಂತ ಉತ್ತಮವಾದ ಉಪಾಯವನ್ನು ನಾವರಿಯೆವು: ಇದ್ದರೆ ಆಗುವುದು, ಇಲ್ಲದಿದ್ದರೆ ಆಗದು ಎಂದು ಎರಡು ಕಡೆಯಿಂದಲೂ ತೋರಬೇಕು. ಸರ್ವೋವಿನ ತಂತಿಯನ್ನು ರಿಸೀವರಿನಿಂದ ಕಿತ್ತು, ಬಂಡಿಯನ್ನು ನೆಟ್ಟಗೆ ಹತ್ತಿಸಿ, ಗೋಡೆಗೆ ಒತ್ತಿ ನಿಲ್ಲಿಸಿ ನೋಡೆಂದೆವು. ಎಷ್ಟು ಹೊತ್ತಾದರೂ ರಿಸೀವರಿನ ದೀಪವು ಆರಲಿಲ್ಲ. ತಂತಿಯನ್ನು ಮತ್ತೆ ಸಿಕ್ಕಿಸಿ, ಗಾಲಿಯನ್ನು ಎರಡು ಇಟ್ಟಿಗೆಗಳ ನಡುವೆ ಇಟ್ಟು ತಿರುಗಿಸಿದೊಡನೆ ದೀಪವು ಕಣ್ಣು ಮುಚ್ಚಿತು. ಅವಳು ಆ ಸಂಜೆಯೇ ಸರ್ವೋವಿನ ಕಾಗದವನ್ನು ಹುಡುಕಿ ತೆಗೆದು, ಅದು ಕೇಳುವ ಆಂಪಿಯರುಗಳನ್ನೂ ನಿಯಂತ್ರಕವು ಕೊಡುವುದನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡಳು. ೧೦ ಆಂಪಿಯರಿನ ಪ್ರತ್ಯೇಕ ಬಿ.ಇ.ಸಿ.ಯೊಂದನ್ನು ಹಾಕಿದ ಮೇಲೆ ಆ ಮೂರ್ಛೆಯು ಮರಳಿ ಬರಲಿಲ್ಲ. ಅದರ ಬೆಲೆಯು ಎರಡನೆಯ ರೇಡಿಯೋವಿನ ಬೆಲೆಯಲ್ಲಿ ಒಂದು ಚೂರು.

ಪ್ರತ್ಯೇಕ ಬಿ.ಇ.ಸಿ. ಹಾಕುವವರು ಒಂದನ್ನು ಜ್ಞಾಪಕದಲ್ಲಿಡಬೇಕು. ನಿಯಂತ್ರಕದಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ ಕೆಂಪು ತಂತಿಯನ್ನು ಹೊರತೆಗೆದು ಟೇಪು ಸುತ್ತಬೇಕು. ಇಲ್ಲವಾದರೆ ಎರಡು ಕಡೆಯ ವಿದ್ಯುತ್ತುಗಳು ಒಂದೇ ಮನೆಯಲ್ಲಿ ಎರಡು ಅಡಿಗೆಯವರಂತೆ ಜಗಳವಾಡುವುವು. ಕಪ್ಪು ತಂತಿಯನ್ನು ಮುಟ್ಟಕೂಡದು. ಬ್ಯಾಟರಿಯಿಂದ ನೇರವಾಗಿ ಉಣ್ಣುವ ಸರ್ವೋಗಳೂ ಬಂದಿವೆ. ೮.೪ ವೋಲ್ಟಿನವರೆಗೆ ತಡೆಯುವಂಥದನ್ನು ಎರಡು ಕೋಶದ ಬ್ಯಾಟರಿಗೆ ನೇರವಾಗಿ ಕೂಡಿಸಬಹುದು. ಮೂರು ಕೋಶದ್ದಕ್ಕೆ ಕೂಡಿಸಿದರೆ ಹೊಗೆಯೇ ಫಲ. ಕೊಂಡಿಯೆಳೆಯುವ ವಿಂಚು ಹಾಕುವ ಆಸೆಯಿದ್ದರೆ ಅದಕ್ಕೂ ಇದೇ ಲೆಕ್ಕವನ್ನು ಮಾಡಬೇಕು. ದೀಪಗಳು ಮಾತ್ರ ಎಷ್ಟಿದ್ದರೂ ಹೊರೆಯಲ್ಲ.

ರೇಡಿಯೋವಿನ ಮೇಲೆ ನಾವು ಹೆಚ್ಚು ಕಾಲ ನಿಲ್ಲುವುದಿಲ್ಲ. ನಿಕೋಲ ಟೆಸ್ಲಾ ಎಂಬ ವಿದ್ವಾಂಸನು ೧೮೯೮ರಲ್ಲಿ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಒಂದು ಚಿಕ್ಕ ದೋಣಿಯನ್ನು ನಡೆಸಿ ತೋರಿಸಿದ ಕಾಲದಿಂದ ಇಂದಿನವರೆಗೆ ಈ ಅಂಗದಲ್ಲಾದಷ್ಟು ಸುಧಾರಣೆಯು ಉಳಿದವುಗಳಲ್ಲಿ ಆಗಿಲ್ಲ. ಹಿಂದೆ ೨೭ ಮೆಗಾಹರ್ಟ್ಸಿನ ಸ್ಫಟಿಕಗಳನ್ನು ಹಾಕಿ ನಡೆಸುತ್ತಿದ್ದಾಗ, ಒಂದೇ ಬಯಲಿನಲ್ಲಿ ಇಬ್ಬರ ಸ್ಫಟಿಕಗಳು ಒಂದೇ ಆದರೆ ಒಬ್ಬನ ಬಂಡಿಯನ್ನು ಇನ್ನೊಬ್ಬನು ನಡೆಸಿದಂತಾಗುತ್ತಿತ್ತು. ಈಗಿನವು ೨.೪ ಗಿಗಾಹರ್ಟ್ಸಿನಲ್ಲಿ ನಡೆದು, ಟ್ರಾನ್ಸ್‌ಮಿಟರೂ ರಿಸೀವರೂ ಮೊದಲೇ ಗುರುತು ಮಾಡಿಕೊಂಡು, ಅನ್ಯರ ಮಾತಿಗೆ ಕಿವಿಗೊಡುವುದಿಲ್ಲ. ಈ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳನ್ನು ಪ್ರತ್ಯೇಕ ಲೈಸೆನ್ಸಿಲ್ಲದೆ ಉಪಯೋಗಿಸಲು ಭಾರತ ಸರಕಾರವು ೨೦೦೫ರಲ್ಲಿ ಅನುಮತಿ ಕೊಟ್ಟಿದೆ. ಬಂಡಿಯು ಕಾಲಬುಡದಲ್ಲಿಯೇ ತೆವಳುವುದರಿಂದ, ಬಹು ದೂರಕ್ಕೆ ಮುಟ್ಟುವುದೆಂಬ ಹೊಗಳಿಕೆಗೆ ಹಣ ಕೊಡುವುದು ವ್ಯರ್ಥ. ನೋಡಬೇಕಾದುವು ಬೇರೆ. ಚುಕ್ಕಾಣಿಯು ಎಡಕ್ಕೂ ಬಲಕ್ಕೂ ಎಷ್ಟು ಹೋಗಬೇಕೆಂಬ ಎಲ್ಲೆಯನ್ನು ಬೇರೆ ಬೇರೆ ಗೊತ್ತುಮಾಡುವಂತಿರಬೇಕು. ಇಲ್ಲದಿದ್ದರೆ ಗಾಲಿಯು ತನ್ನ ಕೊನೆಯನ್ನು ಮುಟ್ಟಿದ ಮೇಲೂ ಸರ್ವೋ ಒತ್ತುತ್ತಲೇ ಇದ್ದು ಬೆಂದುಹೋಗುವುದು. ಕುದುರೆಯನ್ನು ಕೂದಲೆಳೆಯಷ್ಟು ಅಲುಗಿಸಿದರೆ ಬಂಡಿಯೂ ಅಷ್ಟೇ ಅಲುಗಬೇಕು. ಸಂಕೇತವು ತಪ್ಪಿದಾಗ ಮೋಟಾರು ತಾನಾಗಿ ನಿಲ್ಲುವ ‘ಫೇಲ್‌ಸೇಫ್’ ಏರ್ಪಾಡು ಇರಲೇಬೇಕು. ಚುಕ್ಕಾಣಿಗೊಂದು, ಮೋಟಾರಿಗೊಂದು ಎಂದು ಎರಡು ಚಾನೆಲುಗಳು ಅವಶ್ಯ; ದೀಪಕ್ಕೋ ವಿಂಚಿಗೋ ಇನ್ನೊಂದೆರಡಿದ್ದರೆ ಮುಂದೆ ಅನುಕೂಲ.

ಬ್ಯಾಟರಿಯ ಮಾತಿಗೆ ಬಂದರೆ ಇದು ಕಟ್ಟುವವನೊಬ್ಬನದೇ ವಿಷಯವಾಗದೆ ಮನೆಮಂದಿಗೆಲ್ಲ ಸಂಬಂಧಪಟ್ಟುದಾಗುವುದು. ಆದುದರಿಂದ ಹಿರಿಯರೂ ಇದನ್ನು ಓದಬೇಕೆಂದು ಬೇಡುವೆವು. ಲಿಪೋ ಎಂದು ಕರೆಯಲ್ಪಡುವ ಲಿಥಿಯಂ ಬ್ಯಾಟರಿಯ ಒಂದೊಂದು ಕೋಶವೂ ೩.೭ ವೋಲ್ಟಿನದು, ಎರಡು ಕೋಶವಾದರೆ ೭.೪, ಮೂರಾದರೆ ೧೧.೧. ಪೂರ್ಣ ತುಂಬಿದಾಗ ಕೋಶಕ್ಕೆ ೪.೨. ನಿಯಂತ್ರಕದಲ್ಲಿ ಲಿಪೋ ಎಂದು ಗೊತ್ತುಮಾಡಿಟ್ಟರೆ, ಕೋಶವು ೩.೨ ಅಥವಾ ೩ ವೋಲ್ಟಿಗೆ ಇಳಿದಾಗ ಅದು ತಾನೇ ಮೋಟಾರಿನ ಬಲವನ್ನು ತಡೆಯುವುದು. ಅದಕ್ಕಿಂತ ಕೆಳಕ್ಕೆ ಇಳಿಸಿದ ಕೋಶವು ಕೆಡುವುದು. ಕೆಟ್ಟುದನ್ನು ಮತ್ತೆ ತುಂಬಹೊರಟರೆ ಅಪಾಯ. ಓಟದ ಬಂಡಿಯವರಂತೆ ದೊಡ್ಡ ಬ್ಯಾಟರಿಯನ್ನು ಹೊರಿಸುವುದು ಇಲ್ಲಿ ಅನವಶ್ಯಕ. ೨೨೦೦ ಮಿಲಿಆಂಪಿಯರ್-ಗಂಟೆಯ ಮೂರು ಕೋಶದ್ದೊಂದು ಸಾಕು: ಸರಾಸರಿ ೩ ಆಂಪಿಯರು ಎಳೆಯುವುದೆಂದು ಹಿಡಿದರೆ ಮುಕ್ಕಾಲು ಗಂಟೆಯ ಹತ್ತಿರ ನಡೆಯುವುದು. ಚಿಕ್ಕದಾದುದರಿಂದ ಅದನ್ನು ಮುಂಭಾಗದಲ್ಲಿ ತಗ್ಗಾಗಿ ಕೂಡಿಸಬಹುದು. ಹತ್ತುವಾಗ ಮೂತಿಯು ಮೇಲೇಳದಂತೆ ಆ ತೂಕವೇ ಒತ್ತಿ ಹಿಡಿಯುವುದು. ಮೇಲೆ ‘೩೦ ಸಿ’ ಎಂದು ಬರೆದಿದ್ದರೆ ೨.೨ನ್ನು ೩೦ರಿಂದ ಗುಣಿಸಿ, ೬೬ ಆಂಪಿಯರು ಕೊಡಬಲ್ಲದೆಂದು ತಯಾರಕನು ಹೇಳುವನೆಂದರ್ಥ. ತಯಾರಕರು ಈ ಅಂಕಿಯಲ್ಲಿ ಉದಾರಿಗಳು. ಸ್ವಲ್ಪ ವಜಾಮಾಡಿಯೇ ನಂಬಬೇಕು.

ಲಿಪೋವಿಗೆ ಕೋಶಕೋಶವನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರನ್ನೇ ಉಪಯೋಗಿಸತಕ್ಕದ್ದು. ೨೨೦೦ರ ಬ್ಯಾಟರಿಗೆ ೨.೨ ಆಂಪಿಯರಿಗಿಂತ ಹೆಚ್ಚಿನಿಂದ ತುಂಬಲು ಆತುರಪಡಬಾರದು. ತುಂಬುವಾಗ ಯಾರಾದರೂ ಹತ್ತಿರವಿರಬೇಕು. ರಾತ್ರಿ ಹಚ್ಚಿಟ್ಟು ಮಲಗುವುದು ಎಂದಿಗೂ ಕೂಡದು. ಹಾಸಿಗೆಯ ಮೇಲೆ, ಪುಸ್ತಕಗಳ ಬಳಿ, ಅಡಿಗೆಮನೆಯ ಗ್ಯಾಸಿನ ಹತ್ತಿರ ಇಡದೆ, ಬರಿಯ ಕಲ್ಲುಹಾಸಿನ ಮೇಲೆ, ಉರಿಯುವ ವಸ್ತುಗಳಿಂದ ದೂರವಾಗಿ ಇಡಬೇಕು. ಕಡಬಿನಂತೆ ಉಬ್ಬಿದ ಬ್ಯಾಟರಿಯು ಇನ್ನೂ ಕೆಲಸ ಮಾಡುತ್ತಿದ್ದರೂ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಅದನ್ನು ಮನೆಯ ಕಸದೊಡನೆ ಎಸೆಯದೆ, ಹಳೆಯ ಬ್ಯಾಟರಿಗಳನ್ನೂ ವಿದ್ಯುತ್ ಸಾಮಾನುಗಳನ್ನೂ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಇದಕ್ಕಾಗಿ ನಮ್ಮ ದೇಶದಲ್ಲಿ ೨೦೨೨ರಿಂದ ನಿಯಮಗಳೇ ಆಗಿವೆ. ಪರೀಕ್ಷೆಯ ದಿನಗಳಲ್ಲಿ ಬಂಡಿಯನ್ನು ಅಟ್ಟಕ್ಕೆ ಹಾಕುವುದಾದರೆ ಕೋಶಕ್ಕೆ ೩.೮ ವೋಲ್ಟು ಇರುವಂತೆ ಮಾಡಿ ಇಡಬೇಕು. ಪೂರ್ಣ ತುಂಬಿಯೂ ಇಡಬಾರದು, ಬರಿದುಮಾಡಿಯೂ ಇಡಬಾರದು. ಚಿಕ್ಕ ಮಕ್ಕಳು ಓಡಾಡುವ ಮನೆಯಾದರೆ, ಅಥವಾ ಕಟ್ಟುವವನು ಇನ್ನೂ ಹೈಸ್ಕೂಲಿನ ಹುಡುಗನಾದರೆ, ಮೊದಲ ವರ್ಷ ಲಿಪೋವನ್ನು ಬಿಟ್ಟು ಆರು ಕೋಶದ ೭.೨ ವೋಲ್ಟಿನ ನಿಕಲ್ ಬ್ಯಾಟರಿಯನ್ನೇ ಹಾಕಿಸಿರೆಂದು ನಾವು ಸಲಹೆ ಕೊಡುವೆವು. ಅದು ಭಾರವಾದುದು, ಬಲದಲ್ಲಿ ತುಸು ಕುಂದಿದುದು. ಆದರೆ ಸ್ವಭಾವದಲ್ಲಿ ಸಾಧು. ಮಗನು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಹಣವನ್ನು ಹೇಗೆ ಹಂಚಬೇಕೆಂದು ಕೇಳುವವರಿಗೆ ನಮ್ಮ ಲೆಕ್ಕವಿದು. ವಿದ್ಯುದಂಗಗಳಿಗೆಂದು ಎತ್ತಿಟ್ಟುದನ್ನು ಹತ್ತು ಪಾಲು ಮಾಡಿದರೆ, ಮೂರು ಪಾಲು ಸರ್ವೋವಿಗೂ ಅದರ ಬಿ.ಇ.ಸಿ.ಗೂ ಸೇರತಕ್ಕದ್ದು; ಎರಡು ವೇಗನಿಯಂತ್ರಕಕ್ಕೆ; ಎರಡು ರೇಡಿಯೋವಿಗೆ; ಎರಡು ಬ್ಯಾಟರಿಗೂ ಚಾರ್ಜರಿಗೂ; ಮೋಟಾರಿಗೆ ಒಂದೇ ಸಾಕು. ಕೈ ಬಿಗಿಯಾದರೆ ರೇಡಿಯೋವಿನಲ್ಲಿ ಮಿಗಿಸಬಹುದು, ಚಾರ್ಜರಿನಲ್ಲಿ ಮಿಗಿಸಬಾರದು. ಎಲ್ಲವನ್ನೂ ಒಂದೇ ಸಲ ಕೊಳ್ಳಲಾಗದಿದ್ದರೆ ಬಂಡಿಯು ಒಂದು ತಿಂಗಳು ತಡವಾಗಿ ಹೊರಡಲಿ. ತಾತ್ಕಾಲಿಕಕ್ಕೆಂದು ಅಗ್ಗದ ಸರ್ವೋವನ್ನು ಹಾಕಿದವರು ಎರಡು ಸರ್ವೋಗಳ ಬೆಲೆಯನ್ನು ತೆತ್ತಿರುವರು.

ಜೋಡಿಸಿದ ಮೇಲೆ ಬಂಡಿಯನ್ನು ಒಂದು ಮರದ ತುಂಡಿನ ಮೇಲೆ ಗಾಲಿಗಳು ನೆಲಕ್ಕೆ ತಾಗದಂತೆ ಇಟ್ಟು ಮೊದಲು ಪರೀಕ್ಷಿಸಬೇಕು. ಯಾವಾಗಲೂ ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಿ ಆಮೇಲೆ ಬಂಡಿಯನ್ನು ಹಚ್ಚಬೇಕು. ನಿಲ್ಲಿಸುವಾಗ ಬಂಡಿಯನ್ನು ಮೊದಲು ಆರಿಸಬೇಕು. ಬಳಿಕ ಬಂಡೆಗೆ ಒಯ್ಯಬಹುದು. ನಮ್ಮ ನಾಡಿನಲ್ಲಿ ಬಂಡೆಗಳಿಗೆ ಬರಗಾಲವಿಲ್ಲ. ಆದರೆ ಊರ ಪಕ್ಕದ ಬಂಡೆಯ ಮೇಲೆ ಹಳೆಯ ಅಕ್ಷರಗಳೋ ಗೆರೆಯ ಚಿತ್ರಗಳೋ ಕಂಡರೆ ಅದರ ಮೇಲೆ ಗಾಲಿ ಹತ್ತಿಸದೆ ಬೇರೊಂದನ್ನು ಹುಡುಕಿಕೊಳ್ಳಬೇಕು. ಹತ್ತು ನಿಮಿಷ ಹತ್ತಿಳಿಸಿದ ಮೇಲೆ ನಿಲ್ಲಿಸಿ, ಮೋಟಾರಿನ ಮೈಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿರಿ. ಮೂರು ಎಣಿಸುವವರೆಗೆ ಬೆರಳಿಡಲಾಗದಷ್ಟು ಬಿಸಿಯಿದ್ದರೆ, ಮೋಟಾರಿನ ತುದಿಯ ಪಿನಿಯನ್ನನ್ನು ತೆಗೆದು ಎರಡು ಹಲ್ಲು ಕಡಮೆಯಿರುವುದನ್ನು ಹಾಕಿ, ಪುನಃ ಹತ್ತು ನಿಮಿಷ ನಡೆಸಿ ಮುಟ್ಟಿ ನೋಡಬೇಕು.